ಮೂರೂರಿನ ಚೌಕಾಬಾರ

"ಹೊತ್ತು ಹೋಗುವುದಿಲ್ಲ" ಎಂಬುದು ನಮ್ಮಲ್ಲಿ ಎಲ್ಲ ವಯಸ್ಸಿನವರೂ ಆಡುವ ಮಾತು. ಹೊತ್ತು ಹೋಗದೆ ನಿಂತದ್ದನ್ನು ಕಂಡವರು ಮಾತ್ರ ಯಾರೂ ಇಲ್ಲ. ನಾವು ಕಳುಹಿಸಿದರೂ ಅದು ಹೋಗುತ್ತದೆ, ಕಳುಹಿಸದಿದ್ದರೂ ಹೋಗುತ್ತದೆ. ಆದರೂ ಅದನ್ನು ಸಾಗಹಾಕುವ ಹೊಣೆ ತನ್ನದೆಂದೇ ಮನುಷ್ಯನು ಭಾವಿಸಿಕೊಂಡು ಬಂದಿದ್ದಾನೆ. 'ಕಾಲಕ್ಷೇಪ' ಎಂಬ ಶಬ್ದವನ್ನು ಬಿಡಿಸಿ ನೋಡಿದರೆ ಕಾಲವನ್ನು ಎಸೆಯುವುದು ಎಂದಾಗುತ್ತದೆ. 'ವಿನೋದ' ಎಂಬ ಸರಸವಾದ ಮಾತಿಗೂ ಮೂಲದಲ್ಲಿ ಓಡಿಸುವುದು, ಅಟ್ಟುವುದು ಎಂಬ ಅರ್ಥವೇ ಇದೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ 'ಮಾನಸೋಲ್ಲಾಸ'ದಲ್ಲಿ ವಿನೋದಗಳಿಗೆ ಇಪ್ಪತ್ತು ಅಧ್ಯಾಯಗಳು, ಕ್ರೀಡೆಗಳಿಗೆ ಮತ್ತೆ ಇಪ್ಪತ್ತು ಅಧ್ಯಾಯಗಳು ಮೀಸಲಾಗಿವೆ. ರಾಜ್ಯವಾಳುವವನಿಗೇ ಹೊತ್ತಿನ ಕಾಟ ಇಷ್ಟಿದ್ದರೆ, ಮನೆಯನ್ನೂ ಆಳಲು ಬಾರದ ನನ್ನಂಥ ಕನ್ನಡ ಅಧ್ಯಾಪಕನ ಪಾಡೇನು?

ಆದರೆ ವಿನೋದದಿಂದ ನಾವು ಓಡಿಸುವುದು ಯಾವುದನ್ನು? ಹೊತ್ತನ್ನೋ, ಹೊತ್ತಿನ ಜೊತೆಯಲ್ಲಿ ಒಳಗೆ ಬಂದು ಕುಳಿತ ಇನ್ನಾವುದನ್ನೋ? ಈ ಪ್ರಶ್ನೆಗೆ ಉತ್ತರ ನನಗೆ ನಿಘಂಟಿನಲ್ಲಿ ದೊರೆಯಲಿಲ್ಲ. 2020ನೆಯ ಇಸವಿಯ ಶರತ್ಕಾಲದಲ್ಲಿ, ನಮ್ಮ ನಡುಮನೆಯ ನೆಲದ ಮೇಲೆ ದೊರೆಯಿತು.

ಕೊರೋನಾ ಕಾಲದ ಕಥೆಯನ್ನು ಯಾರಿಗೂ ಯಾರೂ ಹೇಳಬೇಕಾಗಿಲ್ಲ. ಎಲ್ಲರ ಮನೆಯಲ್ಲಿಯೂ ಅದು ನಡೆದಿದೆ. ಮಾರ್ಚ್ 25ರಂದು ಊರೂರೂ ಬಾಗಿಲು ಹಾಕಿಕೊಂಡಾಗ ಇದು ಮೂರು ವಾರದ ಮಾತು ಎಂದುಕೊಂಡೆವು. ಏಪ್ರಿಲಿನಲ್ಲಿ ಮಳವಳ್ಳಿಯಲ್ಲಿ ಸೋಂಕು ಕಾಣಿಸಿಕೊಂಡು ಕೆಲವು ಬೀದಿಗಳಿಗೆ ಅಡ್ಡಗಟ್ಟಿದರು. ಮೇ ತಿಂಗಳಿನಲ್ಲಿ ಮುಂಬಯಿಯಿಂದ ತಮ್ಮ ಊರುಗಳಿಗೆ ಮರಳಿದ ನಮ್ಮ ಜಿಲ್ಲೆಯವರ ಲೆಕ್ಕ ದಿನವೂ ಪತ್ರಿಕೆಯಲ್ಲಿ ಬರತೊಡಗಿತು. ಮಳೆಗಾಲ ಬಂತು, ಹೋಯಿತು; ರೋಗ ಮಾತ್ರ ಹೋಗಲಿಲ್ಲ. ಅಕ್ಟೋಬರಿನ ಮೊದಲ ದಿನಗಳಲ್ಲಿ ರಾಜ್ಯದಲ್ಲಿ ಒಂದೊಂದು ದಿನಕ್ಕೆ ಹತ್ತು ಸಾವಿರಕ್ಕೂ ಮೀರಿ ಹೊಸ ರೋಗಿಗಳ ಸುದ್ದಿ ಬರುತ್ತಿತ್ತು.

ಆ ವರ್ಷದ ಪಂಚಾಂಗವೂ ನಮ್ಮ ಸಹನೆಯನ್ನು ಪರೀಕ್ಷಿಸಲು ಟೊಂಕಕಟ್ಟಿ ನಿಂತಿತ್ತು. ಸಾಮಾನ್ಯವಾಗಿ ಮಹಾಲಯ ಅಮಾವಾಸ್ಯೆಯ ಮರುದಿನವೇ ನವರಾತ್ರಿ. ಆ ವರ್ಷ ಸೆಪ್ಟೆಂಬರ್ 17ರಂದು ಅಮಾವಾಸ್ಯೆ ಮುಗಿದ ಮೇಲೆ ಬಂದದ್ದು ಅಧಿಕ ಆಶ್ವಯುಜ. ನಿಜ ಆಶ್ವಯುಜ ಕಾಲಿಟ್ಟದ್ದು ಅಕ್ಟೋಬರ್ 17ಕ್ಕೆ. ಎರಡು ತಿಂಗಳಿರಬೇಕಾದ ಶರದೃತು ಹೀಗೆ ಮೂರು ತಿಂಗಳಾಯಿತು. ಹೊರಗೆ ಆಕಾಶ ತೊಳೆದಿಟ್ಟಂತೆ ನಿರ್ಮಲವಾಗಿತ್ತು. ವಿಶ್ವೇಶ್ವರಯ್ಯ ನಾಲೆಯ ಬಯಲಿನ ಗದ್ದೆಗಳು ಹಸುರಾಗಿದ್ದವು. ಒಳಗೆ ನಾವು ಕೈತೊಳೆಯುತ್ತಾ ಕುಳಿತಿದ್ದೆವು.

ನಮ್ಮ ಹಿರಿಯರಿಗೂ ಇಂಥ ಕಾಲಗಳು ಬಂದಿದ್ದವು. 1898ರಲ್ಲಿ ಮೈಸೂರು ಸಂಸ್ಥಾನಕ್ಕೆ ಕಾಲಿಟ್ಟ ಪ್ಲೇಗು ಜನರನ್ನು ಮನೆಯಿಂದ ಹೊರಕ್ಕೆ ಅಟ್ಟಿತು. ಇಲಿ ಬಿದ್ದಿತೆಂದರೆ ಊರಿಗೆ ಊರೇ ಹೊಲದಲ್ಲಿ ಗುಡಿಸಲು ಹಾಕಿಕೊಳ್ಳುತ್ತಿತ್ತು. 1918ರ ಇನ್‌ಫ್ಲುಯೆಂಜಾ ಅತ್ಯಂತ ಉಗ್ರವಾದದ್ದು ಇದೇ ಶರತ್ಕಾಲದಲ್ಲಿ. ಭರತಖಂಡದಲ್ಲಿ ಒಂದು ಕೋಟಿಗೂ ಮಿಕ್ಕ ಜನ ಅದಕ್ಕೆ ಬಲಿಯಾದರು. ಪ್ಲೇಗು ಹೊರಗಟ್ಟಿದ ಜನರನ್ನು ಕೊರೋನಾ ಒಳಗಟ್ಟಿತು. ವ್ಯತ್ಯಾಸ ಅಷ್ಟೇ.

ಒಳಗಿರುವುದೆಂದರೆ ಸಾಮಾನ್ಯವಾದ ಕಲೆಯಲ್ಲ. ನನ್ನ ಶ್ರೀಮತಿಯು ಬೆಳಿಗ್ಗೆ ಎದ್ದೊಡನೆ ಕಾಫಿಪುಡಿಯ ಡಬ್ಬಿಯನ್ನು ನನ್ನ ಮೂಗಿನ ಮುಂದೆ ಹಿಡಿದು, "ಏನೂಂದ್ರೆ, ವಾಸನೆ ಬಂತೆ?" ಎಂದು ಕೇಳುವಳು. ಬಂತು ಎಂದರೆ ಆ ದಿನದ ಪ್ರಥಮ ಪರೀಕ್ಷೆಯಲ್ಲಿ ನಾನು ಉತ್ತೀರ್ಣ. ಸಂಜೆ ಗಾಳಿಯು ಊರಾಚೆಯ ಆಲೆಮನೆಗಳಿಂದ ಕುದಿಯುವ ಕಬ್ಬಿನಹಾಲಿನ ಪರಿಮಳವನ್ನು ಹೊತ್ತು ತಂದಾಗ ಮತ್ತೊಂದು ಪರೀಕ್ಷೆ. ಮಂಡ್ಯದವರು ಹುಟ್ಟಿದಂದಿನಿಂದ ಗಮನಿಸದೆ ಉಸಿರಾಡಿದ ಆ ವಾಸನೆ ಆರೋಗ್ಯದ ಪ್ರಮಾಣಪತ್ರವಾಗುತ್ತದೆಂದು ಯಾರು ಎಣಿಸಿದ್ದರು! ಮೆಣಸು, ಶುಂಠಿ, ಅಮೃತಬಳ್ಳಿಗಳ ಕಷಾಯವು ದಿನಕ್ಕೆರಡು ಬಾರಿ. ತರಕಾರಿಗೆ ಅರಿಸಿನ ನೀರಿನ ಅಭ್ಯಂಜನ. ಎದುರು ಮನೆಯವರು ಪತ್ರಿಕೆಗೆ ಇಸ್ತ್ರಿ ಹಾಕಿ ಓದುತ್ತಿದ್ದರು. ಸುದ್ದಿಗಳು ಅದಕ್ಕಾಗಿಯೇ ಅಷ್ಟು ಬಿಸಿಯಾಗಿರುತ್ತಿದ್ದವೋ ಏನೋ.

ಸೆಪ್ಟೆಂಬರಿನಿಂದ ಕಾಲೇಜಿನ ಪಾಠಗಳು ಮೊಬೈಲಿನಲ್ಲಿ ಆರಂಭವಾದವು. ನಾನು ಊಟದ ಮನೆಯ ಗೋಡೆಗೆ ಮುಖಮಾಡಿ ಹಳಗನ್ನಡದ ಸಮಾಸಗಳನ್ನು ಬಿಡಿಸುತ್ತಿದ್ದೆ. ಅತ್ತ ಕಡೆಯಲ್ಲಿ ನಲವತ್ತು ಚೌಕಗಳು. ಒಂದೊಂದು ಚೌಕದಲ್ಲಿಯೂ ಒಂದೊಂದು ಅಕ್ಷರ. ಯಾವ ಅಕ್ಷರವೂ ನಗದು, ಆಕಳಿಸದು. ಹಳ್ಳಿಯ ವಿದ್ಯಾರ್ಥಿಯೊಬ್ಬ ಸಿಗ್ನಲ್ ದೊರೆಯಲೆಂದು ಪಂಪ್‌ಸೆಟ್ ಮನೆಯ ಮಾಳಿಗೆಯನ್ನೇರಿ ಕುಳಿತು ಪಾಠ ಕೇಳುತ್ತಿದ್ದ. ಅವನ ಚೌಕದಿಂದ ಆಗಾಗ್ಗೆ ಎಮ್ಮೆಯೊಂದು ಕೂಗುವುದು ಕೇಳಿ, ನನ್ನ ಮಾತಿಗೆ ಜೀವವಿರುವ ಒಂದು ಪ್ರತಿಕ್ರಿಯೆಯಾದರೂ ಬಂತಲ್ಲ ಎಂದು ಸಮಾಧಾನವಾಗುತ್ತಿತ್ತು.

ಇಷ್ಟಾದರೂ ಸಂಜೆ ಉಳಿಯುತ್ತಿತ್ತು. ಸಂಜೆಯೇ ಕಠಿಣ.

ನಮ್ಮ ಸಂಸಾರ ಮೂರೂರಿನಲ್ಲಿ ಹಂಚಿಹೋಗಿದೆ. ನಾವು ಮೂವರು ಮಂಡ್ಯದಲ್ಲಿ. ಶ್ರೀಮತಿಯ ತವರು ಮದ್ದೂರಿನಲ್ಲಿ. ನನ್ನ ತಾಯಿ ಮಳವಳ್ಳಿಯ ಹಳೆಯ ಮನೆಯಲ್ಲಿ. ಮಂಡ್ಯದಿಂದ ಮದ್ದೂರಿಗೆ ಸುಮಾರು 20 ಕಿಲೋಮೀಟರು, ಅಲ್ಲಿಂದ ಮಳವಳ್ಳಿಗೆ ಸುಮಾರು 25. ಬೇರೆ ಕಾಲದಲ್ಲಿ ಮಾವನವರು ಮನಸ್ಸು ಬಂದಾಗ ರೈಲಿನಿಂದಿಳಿದು, ಇನ್ನೂ ಬಿಸಿಯಾರದ ಮದ್ದೂರು ವಡೆಯ ಪೊಟ್ಟಣವನ್ನು ಮೊಮ್ಮಗಳ ಕೈಗಿಟ್ಟು, ಮುಂದಿನ ಗಾಡಿಗೆ ಹೊರಟುಬಿಡುವರು. 1917ರಲ್ಲಿ ರಾಮಚಂದ್ರ ಬುಧ್ಯ ಎಂಬವರು ಮದ್ದೂರು ನಿಲ್ದಾಣದಲ್ಲಿ ಆರಂಭಿಸಿದ ಆ ವಡೆಯು ನಮ್ಮ ಬೀಗತನದ ರಾಯಭಾರಿ. ಆ ಶರತ್ಕಾಲದಲ್ಲಿ ನಿತ್ಯದ ಪ್ಯಾಸೆಂಜರ್ ಗಾಡಿಗಳು ಇರಲಿಲ್ಲ. ಬಸ್ಸುಗಳೇನೋ ಓಡಾಡುತ್ತಿದ್ದವು, ಹೋಗಬಾರದೆಂಬ ಕಟ್ಟಳೆ ಸರ್ಕಾರದ್ದಲ್ಲ, ನಮ್ಮದೇ. ಅಂತಿಮ ವರ್ಷದ ಪರೀಕ್ಷೆಗಳ ಕೆಲಸಕ್ಕೆ ಹೋಗಿಬರುತ್ತಿದ್ದ ನಾನು, ಅರುವತ್ತು ದಾಟಿದ, ಸಕ್ಕರೆ ಕಾಯಿಲೆಯ ಹಿರಿಯರ ಮನೆಗೆ ಕಾಲಿಡುವುದು ತರವಲ್ಲವೆಂದು ಮೂರೂ ಮನೆಯವರು ಫೋನಿನಲ್ಲಿ ಸಭೆ ಸೇರಿ ತೀರ್ಮಾನಿಸಿದ್ದೆವು.

ಸಂಜೆಗಳನ್ನು ನೀಗಲು ಶ್ರೀಮತಿ ಮೊದಲು ಹಿಡಿದದ್ದು ಕಾದಂಬರಿಯನ್ನು. ಮಂಡ್ಯದಲ್ಲಿಯೇ 1928ರಲ್ಲಿ ಹುಟ್ಟಿದ ತ್ರಿವೇಣಿಯವರ 'ಬೆಳ್ಳಿಮೋಡ'ವನ್ನು ದಿನಕ್ಕೊಂದು ಅಧ್ಯಾಯದಂತೆ ತನ್ನ ತಾಯಿಗೆ ಫೋನಿನಲ್ಲಿ ಓದಿ ಹೇಳಿದಳು. ಇಬ್ಬರೂ ಕಾದಂಬರಿಯನ್ನು ಓದಿದವರು, ಚಲನಚಿತ್ರವನ್ನೂ ನೋಡಿದವರು. ಆದರೂ ಅಧ್ಯಾಯ ಮುಗಿದಾಗ ಅತ್ತೆಯವರು, "ಅಯ್ಯೋ, ಮುಂದೇನಾಗುತ್ತೋ!" ಎಂದು ನಿಟ್ಟುಸಿರು ಬಿಡುವರು. ಮುಂದೇನಾಗುವುದೆಂದು ಗೊತ್ತಿರುವ ಒಂದು ಕಥೆಯಾದರೂ ಆಗ ಎಲ್ಲರಿಗೂ ಬೇಕಾಗಿತ್ತು.

ಚೌಕಾಬಾರದ ಯೋಚನೆ ನನ್ನ ತಾಯಿಯದು. "ನೀನು ಅಲ್ಲಿ ಮನೆ ಬರಕೊ ಕಣಪ್ಪಾ, ನಾನು ಇಲ್ಲಿ ಬರಕೊಳ್ತೀನಿ, ಬೀಗರು ಅಲ್ಲಿ ಬರಕೊಳ್ಳಲಿ. ಕವಡೆ ಬಿದ್ದದ್ದು ಬಾಯಲ್ಲಿ ಹೇಳಿದರೆ ಆಯ್ತು" ಎಂದರು. ಇಷ್ಟು ಸರಳವಾದ ಉಪಾಯ ನನಗೆ ಹೊಳೆದಿರಲಿಲ್ಲ. ಮೂರೂರಿನ ಮೂರು ನೆಲಗಳ ಮೇಲೆ ಇಪ್ಪತ್ತೈದು ಮನೆಗಳ ಒಂದೇ ಚೌಕವು ಮೂಡಿತು. ಕಾಯಿಗಳು ಆಯಾ ಮನೆಯ ಸಿರಿಗೆ ತಕ್ಕಂತೆ: ತಾಯಿಯದು ಹುಣಿಸೆಬೀಜ, ಮಾವನವರದು ಬಳೆಚೂರು, ಆರು ವರ್ಷದ ನನ್ನ ಮಗಳದು ಅವರೆಕಾಳು, ನನ್ನದು ಮಾರ್ಚಿನಿಂದ ನಿರುದ್ಯೋಗಿಯಾಗಿದ್ದ ಸೀಮೆಸುಣ್ಣದ ತುಂಡು. ಆಡುವವರು ನಾವು ನಾಲ್ವರು. ಶ್ರೀಮತಿ ನ್ಯಾಯಾಧೀಶೆ.

ಈ ಆಟವನ್ನು ಅರಿಯದ ಎಳೆಯರಿಗಾಗಿ ಎರಡು ಮಾತು. ನಾಲ್ಕು ಕವಡೆಗಳನ್ನು ಎಸೆದು, ಬಿದ್ದಷ್ಟು ಮನೆ ಕಾಯಿಯನ್ನು ನಡೆಸಬೇಕು. ನಾಲ್ಕೂ ಅಂಗಾತ ಬಿದ್ದರೆ ಚೌಕ, ಅಂದರೆ ನಾಲ್ಕು. ನಾಲ್ಕೂ ಬೋರಲು ಬಿದ್ದರೆ ಬಾರ, ಅಂದರೆ ಎಂಟು. ಎದುರಾಳಿಯ ಕಾಯಿ ಇರುವ ಮನೆಗೆ ನಮ್ಮ ಕಾಯಿ ಹೋಗಿ ಬಿದ್ದರೆ ಅದನ್ನು ಹೊಡೆದಂತೆ. ಅದು ತನ್ನ ಮನೆಗೆ ಮರಳಿ ಮೊದಲಿನಿಂದ ನಡೆದು ಬರಬೇಕು. ಒಂದಾದರೂ ಕಾಯನ್ನು ಹೊಡೆಯದವನಿಗೆ ಒಳದಾರಿ ತೆರೆಯುವುದಿಲ್ಲ. ಸುತ್ತು ಮುಗಿಸಿ ನಡುಮನೆಯನ್ನು ಸೇರಿದ ಕಾಯಿಯೇ ಹಣ್ಣು. ಕತ್ತರಿ ಗುರುತಿನ ಮನೆಗಳಲ್ಲಿರುವ ಕಾಯನ್ನು ಮಾತ್ರ ಯಾರೂ ಹೊಡೆಯುವಂತಿಲ್ಲ. ಬಾಲ್ಯದಿಂದ ಆಡಿದ್ದ ಈ ಆಟದ ತತ್ತ್ವ ನನಗೆ ಆ ವರ್ಷ ಬೇರೊಂದು ರೀತಿಯಲ್ಲಿ ಕಾಣಿಸಿತು. ಮನೆಯೊಳಗಿದ್ದ ಕಾಯಿಗೆ ಅಪಾಯವಿಲ್ಲ. ಆದರೆ ಮನೆಯೊಳಗೇ ಕುಳಿತ ಕಾಯಿ ಎಂದಿಗೂ ಹಣ್ಣಾಗುವುದಿಲ್ಲ.

ದಿನವೂ ಸಂಜೆ ಆರಕ್ಕೆ ನಾನು ಎರಡೂ ಮನೆಗಳಿಗೆ ಫೋನು ಕೂಡಿಸುತ್ತಿದ್ದೆ. ತಾಯಿಯದು ಗುಂಡಿ ಒತ್ತುವ ಹಳೆಯ ಫೋನು. ಅದರಲ್ಲಿ ಮುಖ ಕಾಣದು, ದನಿ ಮಾತ್ರ. ಕವಡೆಗಳು ನೆಲದ ಮೇಲೆ ಗಲಗಲನೆ ಬೀಳುವುದು ಕೇಳುತ್ತಿತ್ತು. ಹೇಗೆ ಬಿದ್ದವೆಂಬುದಕ್ಕೆ ತಾಯಿಯ ಮಾತೇ ಪ್ರಮಾಣ. ಈ ಪ್ರಮಾಣದ ವಿಷಯದಲ್ಲಿ ಬರಬರುತ್ತ ಸಂದೇಹಗಳೆದ್ದವು. ಮಂಡ್ಯದ ಕವಡೆಗಳು ಒಂದು, ಎರಡು ಎಂದು ಜಿಪುಣತನ ತೋರಿದರೆ, ಮಳವಳ್ಳಿಯ ಕವಡೆಗಳದು ಕರ್ಣನ ಔದಾರ್ಯ. "ಬಾರ ಬಿತ್ತು ಕಣಪ್ಪಾ! ಇನ್ನೊಂದು ಬಾರ!" ಮಗಳು ನನ್ನ ಮುಖ ನೋಡುವಳು. ಮದ್ದೂರಿನ ಕಡೆಯಿಂದ ಮಾವನವರು ಗಂಭೀರವಾಗಿ, "ಬೀಗಿತ್ತಿಯವರ ಮನೆಯ ನೆಲ ಸ್ವಲ್ಪ ಇಳಿಜಾರಾಗಿರಬಹುದು" ಎನ್ನುವರು. "ನೆಲ ನೆಟ್ಟಗೇ ಇದೆ ಬೀಗರೇ, ಕೈಗುಣ ಬೇಕು" ಎಂದು ಇತ್ತಣ ಉತ್ತರ. ನ್ಯಾಯಾಧೀಶೆಯು ಅತ್ತೆಯ ವಿರುದ್ಧ ತೀರ್ಪು ಕೊಡಲಾರದೆ ಒಗ್ಗರಣೆಯ ನೆಪದಲ್ಲಿ ಅಡಿಗೆಯ ಮನೆಗೆ ಹೊರಟುಹೋಗುವಳು.

ಅಕ್ಟೋಬರಿನ ಮೊದಲ ವಾರದ ಒಂದು ಸಂಜೆ ಆಟ ಅರ್ಧದಲ್ಲಿ ನಿಂತಿತು. ಮಾವನವರ ಮೂರು ಕಾಯಿಗಳು ಹಣ್ಣಾಗಿದ್ದವು. ನಾಲ್ಕನೆಯದು ಹೊರಸುತ್ತಿನಲ್ಲಿ ಕತ್ತರಿ ಗುರುತಿನ ಮನೆಯೊಂದರಲ್ಲಿ ಭದ್ರವಾಗಿ ಕುಳಿತಿತ್ತು. ಎಸೆಯುವ ಸರದಿ ಅವರದು. "ಮೈ ಸ್ವಲ್ಪ ಬೆಚ್ಚಗಿದೆ, ನಾಳೆ ಹಾಕುತ್ತೇನೆ" ಎಂದರು. ಮರುದಿನ ಪರೀಕ್ಷೆಯಾಯಿತು. ಮೂರನೆಯ ದಿನ ಉಸಿರಾಟ ಕಷ್ಟವಾಗಿ ಅವರನ್ನು ಆಂಬುಲೆನ್ಸಿನಲ್ಲಿ ಮಂಡ್ಯಕ್ಕೆ ಕರೆತಂದು ಆಸ್ಪತ್ರೆಗೆ ಸೇರಿಸಿದರು. ಅತ್ತೆಯವರಿಗೂ ಸೋಂಕು, ಅವರಿಗೆ ಲಘುವಾಗಿತ್ತು, ಮನೆಯಲ್ಲಿಯೇ ಇರಲು ಹೇಳಿದರು. ನೆರೆಮನೆಯವರು ದಿನವೂ ಜಗಲಿಯ ಮೇಲೆ ಊಟವಿಟ್ಟು ಬಾಗಿಲು ತಟ್ಟಿ ಹಿಂದೆ ಸರಿದು ನಿಲ್ಲುತ್ತಿದ್ದರು.

ತಂದೆಯ ಆಸ್ಪತ್ರೆ ನಮ್ಮ ಮನೆಯಿಂದ ಎರಡೇ ಮೈಲಿ. ಮಗಳು ಅಲ್ಲಿಗೆ ಹೋಗುವಂತಿಲ್ಲ. ತಾಯಿ ಒಬ್ಬಳೇ ಮದ್ದೂರಿನಲ್ಲಿ, ಅಲ್ಲಿಗೂ ಹೋಗುವಂತಿಲ್ಲ. ಶ್ರೀಮತಿಯು ದಿನಕ್ಕೆ ಹತ್ತು ಬಾರಿ ಮಾಳಿಗೆಯನ್ನು ಹತ್ತಿ ಆ ದಿಕ್ಕಿಗೆ ನೋಡಿ ಇಳಿದು ಬರುತ್ತಿದ್ದಳು. ಅಲ್ಲಿಂದ ಕಾಣುತ್ತಿದ್ದದ್ದು ತೆಂಗಿನ ಮರಗಳು ಮತ್ತು ನೀರಿನ ತೊಟ್ಟಿಗಳು ಮಾತ್ರ. ಕಾಫಿಪುಡಿಯ ಡಬ್ಬಿಯನ್ನು ಯಾರ ಮೂಗಿಗೂ ಹಿಡಿಯುವವರಿಲ್ಲದಂತಾಯಿತು.

ಅದೇ ದಿನಗಳಲ್ಲಿ ನಮ್ಮ ಬೀದಿಯ ತುದಿಯ ಮನೆಯ ನಿವೃತ್ತ ಉಪಾಧ್ಯಾಯರು ತೀರಿಕೊಂಡರು. ಅವರು ಪದಬಂಧದ ಭಕ್ತರು. ಯಾವುದಾದರೂ ಶಬ್ದ ಸಿಕ್ಕದಿದ್ದರೆ ಬೀದಿಯಿಂದಲೇ ಕೂಗಿ, "ಮೇಷ್ಟ್ರೇ, ಸೂರ್ಯನಿಗೆ ನಾಲ್ಕು ಅಕ್ಷರ, 'ಕ'ದಲ್ಲಿ ಕೊನೆ" ಎಂದು ಕೇಳುವರು. ಅವರ ಮನೆಯ ಮುಂದೆ ಜನ ಸೇರಲಿಲ್ಲ, ಸೇರುವಂತಿರಲಿಲ್ಲ. ನಾವು ನಮ್ಮ ನಮ್ಮ ಗೇಟುಗಳ ಒಳಗೆ ನಿಂತು ಕೈಮುಗಿದೆವು. ಅರ್ಧ ತುಂಬಿದ ಪದಬಂಧದ ಪುಟವೊಂದು ಅವರ ಕನ್ನಡಕದ ಕೆಳಗೆ ಹಾಗೆಯೇ ಇತ್ತೆಂದು ಅವರ ಮನೆಯವರು ಆಮೇಲೆ ಹೇಳಿದರು.

ನಡುಮನೆಯ ಚೌಕ ಹಾಗೆಯೇ ಇತ್ತು. ಗುಡಿಸುವಾಗ ಶ್ರೀಮತಿ ಅದನ್ನು ಸುತ್ತಿ ಗುಡಿಸುವಳು; ಗೆರೆ ಮಾಸಿದರೆ ತಿದ್ದುವಳು. ಸಂಜೆ ಆರಕ್ಕೆ ಮಳವಳ್ಳಿಯಿಂದ ಫೋನು ಬರುವುದು ತಪ್ಪಲಿಲ್ಲ. ಒಂದು ಸಂಜೆ ಮಗಳು, "ಅಜ್ಜೀ, ತಾತನ ಸರದಿ ನಾನು ಹಾಕಲೇ?" ಎಂದು ಕೇಳಿದಳು. ಬಾರದ ವಿಷಯದಲ್ಲಿ ಅಷ್ಟು ಉದಾರಿಯಾಗಿದ್ದ ನನ್ನ ತಾಯಿ ಸರದಿಯ ವಿಷಯದಲ್ಲಿ ಕಲ್ಲಿನಂತೆ ನಿಂತರು: "ಬೇಡ ಕಂದಾ. ಅದು ತಾತನ ಸರದಿ. ತಾತನೇ ಬಂದು ಹಾಕಬೇಕು. ಅಲ್ಲೀಗಂಟ ನಾವು ಕಾಯ್ಬೇಕು." ಆಮೇಲೆ ಯಾರೂ ಮಾತನಾಡಲಿಲ್ಲ. ನನಗೆ ಮಾತ್ರ ಆ ಮಾತು ವೈದ್ಯರ ವರದಿಗಿಂತ ಹೆಚ್ಚು ಧೈರ್ಯ ಕೊಟ್ಟಿತು. ಸರದಿ ಬಾಕಿ ಇರುವ ಮನುಷ್ಯನು ಹೊರಟುಹೋಗಲಾರನೆಂಬ ನಂಬಿಕೆಗೆ ಶಾಸ್ತ್ರದ ಆಧಾರವಿಲ್ಲದಿರಬಹುದು. ನಂಬಿದವರು ರಾತ್ರಿ ಒಂದಿಷ್ಟು ನಿದ್ರೆ ಮಾಡಿದರು ಎಂಬುದಂತೂ ಸತ್ಯ.

ಹನ್ನೆರಡು ದಿನಗಳ ಮೇಲೆ ಅವರು ಮದ್ದೂರಿಗೆ ಮರಳಿದರು. ಅಷ್ಟರಲ್ಲಿ ನಿಜ ಆಶ್ವಯುಜ ಬಂದಿತ್ತು. ಆ ವರ್ಷದ ಮೈಸೂರು ದಸರೆಯನ್ನು ಉದ್ಘಾಟಿಸಿದವರು ವೈದ್ಯರೇ, ಡಾಕ್ಟರ್ ಸಿ. ಎನ್. ಮಂಜುನಾಥ್. ನಮ್ಮ ಮನೆಯಲ್ಲಿಯೂ ಪಟ್ಟದ ಗೊಂಬೆಗಳು ಪೆಟ್ಟಿಗೆಯಿಂದಿಳಿದು ಕುಳಿತವು. ನೋಡಲು ಬರುವ ಮಕ್ಕಳಿಲ್ಲ. ಚರ್ಪಿಗೆಂದು ಮಾಡಿದ ಕೋಡುಬಳೆಯನ್ನು ನಾನೇ ಮಕ್ಕಳ ಪರವಾಗಿ ತಿಂದು ಮುಗಿಸಿದೆ. ವಿಜಯದಶಮಿಯಂದು, ಅಕ್ಟೋಬರ್ 26ಕ್ಕೆ, ಜಂಬೂಸವಾರಿಯು ಅರಮನೆಯ ಆವರಣವನ್ನು ಬಿಟ್ಟು ಹೊರಬರಲಿಲ್ಲ. ಅಭಿಮನ್ಯುವೆಂಬ ಆನೆ ಮೊದಲ ಬಾರಿಗೆ ಅಂಬಾರಿಯನ್ನು ಹೊತ್ತು ಒಳಗೇ ನಡೆದುದನ್ನು ನಾವೂ ಒಳಗೇ ಕುಳಿತು ನೋಡಿದೆವು.

ಅಂದು ಸಂಜೆ ಆರಕ್ಕೆ ಮದ್ದೂರಿನಿಂದಲೇ ಫೋನು ಬಂತು. ದನಿ ನೂಲಿನೆಳೆಯಂತೆ ತೆಳ್ಳಗಾಗಿತ್ತು. "ಸರದಿ ನನ್ನದಲ್ಲವೇ?" ನಾನು ಓಡಿ ಮಳವಳ್ಳಿಯನ್ನು ಕೂಡಿಸಿದೆ. ಕವಡೆ ಗಲಗಲವೆಂದಿತು. "ಒಂದು" ಎಂದರು ಮಾವನವರು. ಬೇರೆ ಕಾಯಿ ಇಲ್ಲವಾದ್ದರಿಂದ ಭದ್ರವಾಗಿದ್ದ ಆ ಕಾಯಿ ಮನೆಯಿಂದ ಹೊರಬಿದ್ದು ಬಯಲಿಗೆ ಬಂತು. ಮೂರು ಮನೆ ಹಿಂದೆ ನನ್ನ ಸೀಮೆಸುಣ್ಣ. ಮುಂದಿನ ಸರದಿ ನನ್ನದು. ನನಗೆ ಆ ಆಟದಲ್ಲಿ ಒಳದಾರಿ ಇನ್ನೂ ತೆರೆದಿರಲಿಲ್ಲ.

ಎಸೆದೆ. ಮೂರು.

ಶ್ರೀಮತಿ ನನ್ನನ್ನು ನೋಡಿದ ನೋಟವನ್ನು ವರ್ಣಿಸಲು ಅಲಂಕಾರಶಾಸ್ತ್ರದಲ್ಲಿ ಅವಕಾಶವಿಲ್ಲ. ಹಾಸಿಗೆಯಿಂದ ಎದ್ದು ಬಂದವರನ್ನು ಹೊಡೆಯುವುದೇ? ಹೊಡೆಯದೆ ಬಿಡುವುದು ಕರುಣೆ. ಆದರೆ ಆ ಕರುಣೆ ಅವರನ್ನು ಆಟಗಾರನ ಸ್ಥಾನದಿಂದಿಳಿಸಿ ಮತ್ತೆ ರೋಗಿಯ ಹಾಸಿಗೆಗೆ ಕಳುಹಿಸಿಬಿಡುತ್ತಿತ್ತು. "ಮೂರು ಬಿತ್ತು ಮಾವ, ಹೊಡೆದೆ" ಎಂದೆ.

ಒಂದು ಕ್ಷಣ ಮೂರೂರೂ ನಿಶ್ಶಬ್ದ. ಆಮೇಲೆ ಮದ್ದೂರಿನಿಂದ ಕೆಮ್ಮಿನೊಡನೆ ಬೆರೆತ ನಗೆ ಕೇಳಿಸಿತು. "ಹೊಡೆದಿರಾ ಅಳಿಯಂದಿರೇ! ಹದಿನೈದು ದಿನದಿಂದ ಎಲ್ಲರೂ ನನ್ನನ್ನು ಗಾಜಿನ ಲೋಟದ ಹಾಗೆ ಹಿಡಿಯುತ್ತಿದ್ದರು. ಈಗ ನಾನು ಬದುಕಿದ್ದೇನೆಂದು ನಂಬಿಕೆ ಬಂತು. ಆಗಲಿ, ಮೊದಲಿನಿಂದ ಬರುತ್ತೇನೆ. ಹಣ್ಣಾಗುವುದಕ್ಕೆ ಅವಸರವೇನು?" ಶ್ರೀಮತಿ ಸೆರಗಿನಿಂದ ಕಣ್ಣೊರೆಸಿಕೊಂಡು ನಕ್ಕಳು. ಆಟವನ್ನು ಗೆದ್ದದ್ದು ನನ್ನ ತಾಯಿ, ಒಂದರ ಮೇಲೊಂದರಂತೆ ಬಿದ್ದ ಮೂರು ಬಾರಗಳಿಂದ. ಅಂದು ಯಾರೂ ನೆಲದ ಇಳಿಜಾರಿನ ಮಾತನ್ನೆತ್ತಲಿಲ್ಲ.

ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ 1831ರಲ್ಲಿ ಬ್ರಿಟಿಷರು ಆಡಳಿತವನ್ನು ಕಿತ್ತುಕೊಂಡ ಮೇಲೆ ಆ ದೊರೆಯು ಅರಮನೆಯಲ್ಲಿ ಕುಳಿತು ಹಲಗೆಯಾಟಗಳನ್ನೂ ಗಂಜೀಫದ ಎಲೆಗಳನ್ನೂ ಹೊಸ ಹೊಸದಾಗಿ ಕಲ್ಪಿಸಿದರೆಂದು ಓದುವಾಗ, ಅಧಿಕಾರವಿಲ್ಲದವರ ಕಾಲಹರಣವೆಂದು ಯಾರಿಗಾದರೂ ಅನಿಸಬಹುದು. ನನಗೆ ಈಗ ಹಾಗೆ ಅನಿಸುವುದಿಲ್ಲ. ಹೊರಗಿನ ಲೋಕದಲ್ಲಿ ತನ್ನ ಸರದಿಯನ್ನು ಕಳೆದುಕೊಂಡವನು ಒಂದು ಗೇಣು ಹಲಗೆಯ ಮೇಲಾದರೂ ಅದನ್ನು ಉಳಿಸಿಕೊಳ್ಳಲೇಬೇಕು. 'ವಿನೋದ' ಎಂಬ ಶಬ್ದಕ್ಕೆ ಅಟ್ಟುವುದು ಎಂದು ಅರ್ಥವಿಟ್ಟವರು ಬಲ್ಲವರೇ. ನಾವು ಆ ಸಂಜೆಗಳಲ್ಲಿ ಅಟ್ಟಿದ್ದು ಹೊತ್ತನ್ನಲ್ಲ, ಅಂಜಿಕೆಯನ್ನು. ಅದು ಪೂರ್ತಿಯಾಗಿ ಹೋಗಲಿಲ್ಲ. ನಾಲ್ಕು ಹೆಜ್ಜೆ ಆಚೆ ಹೋಗಿ ಹೊಸಿಲಲ್ಲಿ ಕುಳಿತಿತು. ಸಂಸಾರಸ್ಥರಿಗೆ ಅಷ್ಟು ಸಾಕು.

ನವೆಂಬರ್ 17ರಂದು ಕಾಲೇಜುಗಳು ತೆರೆದವು. ಮರುವರ್ಷದ ಬೇಸಗೆಯಲ್ಲಿ ಬಂದ ಎರಡನೆಯ ಅಲೆ ಮೊದಲಿನದಕ್ಕಿಂತ ಕ್ರೂರವಾಗಿತ್ತು. ಆಗ ನಮ್ಮ ಜಿಲ್ಲೆಯ ಎಷ್ಟೋ ಮನೆಗಳಲ್ಲಿ ಕಾಯಿಗಳು ಎತ್ತಿಡುವವರಿಲ್ಲದೆ ಉಳಿದವು. ಇದು ಜಾಗತಿಕ ತುರ್ತುಸ್ಥಿತಿಯಾಗಿ ಉಳಿದಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಘೋಷಿಸಿದ್ದು 2023ರ ಮೇ 5ರಂದು.

ಈಗ ಹಬ್ಬಕ್ಕೆ ನಾವೆಲ್ಲರೂ ಮಳವಳ್ಳಿಯಲ್ಲಿ ಸೇರುತ್ತೇವೆ. ಮಾವನವರು ವಡೆಯ ಪೊಟ್ಟಣದೊಡನೆ ಬರುತ್ತಾರೆ. ಊಟವಾದ ಮೇಲೆ ಜಗಲಿಯ ಮೇಲೆ ಚೌಕ ಮೂಡುತ್ತದೆ. ಎಲ್ಲರೂ ಸುತ್ತ ಕುಳಿತು ನೋಡುತ್ತಿರುವಾಗ ನನ್ನ ತಾಯಿ ಕವಡೆ ಎಸೆಯುತ್ತಾರೆ. ಒಂದು ಬೀಳುತ್ತದೆ, ಎರಡು ಬೀಳುತ್ತದೆ, ಅಪರೂಪಕ್ಕೆ ಮೂರು. "ಅದೇನೋ ಕಣಪ್ಪಾ, ಕೊರೋನಾ ಹೋದ ಮೇಲೆ ಬಾರ ಬೀಳೋದೇ ನಿಂತುಹೋಯ್ತು" ಎಂದು ಅವರು ವಿಷಾದಪಡುತ್ತಾರೆ. ಮಾವನವರು ಬಗ್ಗಿ ನೆಲವನ್ನು ಕೈಯಿಂದ ಸವರಿ ನೋಡಿ, ಇಳಿಜಾರು ಸರಿಹೋಗಿದೆ ಎನ್ನುತ್ತಾರೆ.